ಬಾಗಲವಾಡದ ಬಳುವಳಿ

ಅವ್ವ ನೀರಿನ ಕೊಡವನ್ನು ಎಡ ಸೊಂಟದಿಂದ ಬಲಕ್ಕೆ ಬದಲಾಯಿಸಿದ್ದನ್ನು ಮನೆಯಲ್ಲಿ ಮೊದಲು ಗಮನಿಸಿದವನು ನಾನು. ಗಮನಿಸುವುದೇ ನನ್ನ ಕಸುಬು. ದೇವದುರ್ಗದಲ್ಲಿ ಹಗಲೆಲ್ಲ ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುತ್ತೇನೆ. ಯಾರದಾದರೂ ಮದುವೆ ಇದ್ದರೆ ಮೈಕ್ ಹಿಡಿದು ಊರವರ ದನಿ, ನಡೆ ನಕಲು ಮಾಡುತ್ತೇನೆ: ಕಂಡಕ್ಟರನ ಮೂಗು, ಮೇಷ್ಟ್ರ ಕೆಮ್ಮು, ನಮ್ಮ ಸಾಹುಕಾರನ ನಡಿಗೆ. ನನ್ನ ಸ್ವಂತ ದನಿ ಹೇಗಿದೆ ಎಂದು ಯಾರೂ ಕೇಳಿಲ್ಲ. ಅದಕ್ಕೆ ಬೇಡಿಕೆ ಇಲ್ಲ.

“ಎಡಗೈ ಯಾಕ ರಜಾ ಹಾಕ್ಯದಬೇ?” ಅಂದೆ.

“ಉಳುಕ್ಯದ. ಸುಮ್ಕಿರು.”

ಉಳುಕಿರಲಿಲ್ಲ. ಎದೆಯಲ್ಲಿ ಗಂಟಾಗಿತ್ತು. ಅರಿಶಿನ ಹಚ್ಚಿ, ಮೇಲೆ ಸೆರಗು ಹೊದ್ದು, ಅವಳು ತಿಂಗಳುಗಟ್ಟಲೆ ಓಡಾಡಿದ್ದಳು. ಚರ್ಮ ಒಳಕ್ಕೆ ಜಗ್ಗತೊಡಗಿದಾಗ ನನ್ನ ಅಕ್ಕ ಶರಣಮ್ಮನಿಗೆ ತೋರಿಸಿದಳು. ರಾಯಚೂರಿಗೆ ಕರೆದುಕೊಂಡು ಹೋದೆವು. ಸ್ಕ್ಯಾನ್. ಬಯಾಪ್ಸಿ.

ಕ್ಯಾನ್ಸರ್.

ಡಾಕ್ಟರಮ್ಮ ಕೇಳಿದರು: “ನಿಮ್ಮ ತಾಯಿಗೆ, ಅಕ್ಕತಂಗೇರಿಗೆ ಯಾರಿಗಾದ್ರೂ ಹಿಂಗಾಗಿತ್ತೇನಮ್ಮಾ?”

“ಇಲ್ರೀ. ನಮ್ಮ ಮನಿತನದಾಗ ಅಂಥಾದ್ದು ಏನೂ ಇಲ್ಲ.”

ಅವ್ವ ಸುಳ್ಳು ಹೇಳಲಿಲ್ಲ. ಬಾಗಲವಾಡದ ಅವಳ ತವರಿನಲ್ಲಿ ಅಜ್ಜಿ ‘ಸೊರಗಿ’ ಹೋದಳು, ದೊಡ್ಡವ್ವ ‘ಹುಣ್ಣಾಗಿ’ ಹೋದಳು. ಹೆಂಗಸಿನ ಎದೆಯ ರೋಗಕ್ಕೆ ಆ ಮನೆಯಲ್ಲಿ ಹೆಸರೇ ಇರಲಿಲ್ಲ. ಹೆಸರಿಲ್ಲದ್ದನ್ನು ಡಾಕ್ಟರಿಗೆ ಹೇಗೆ ಹೇಳುತ್ತಾಳೆ?

ನಾನು ಎದ್ದು ನಿಂತೆ. “ಮೇಡಂ, ಒಂದ್ ನಿಮಿಷ.”

ಮೊದಲು ಅಜ್ಜಿಯಂತೆ ನಡೆದೆ. ಬಗಲಲ್ಲಿ ಕಾಣದ ಕೋಳಿ ಹಿಡಿದವರ ಹಾಗೆ ಎಡ ಮೊಣಕೈ ಮೈಯಿಂದ ದೂರ. ಆಮೇಲೆ ದೊಡ್ಡವ್ವ. ಎರಡೇ ಬೆರಳಲ್ಲಿ ಸೆರಗನ್ನು ಎದೆಗೆ ತಾಗದಂತೆ ಎತ್ತಿ ಹಿಡಿದು, ತುಟಿ ಕಚ್ಚಿ. ಇವೆರಡೂ ನನ್ನ ಹಳೆಯ ಐಟಂಗಳು, ನೆಂಟರೆಲ್ಲ ಬಿದ್ದು ಬಿದ್ದು ನಕ್ಕಿದ್ದಾರೆ. ನರ್ಸ್ ಕೂಡ ನಕ್ಕಳು.

ಡಾಕ್ಟರಮ್ಮ ನಗಲಿಲ್ಲ. “ಇವರಿಬ್ಬರೂ ಯಾವ ವಯಸ್ಸಿಗೆ ಹೋದ್ರು?”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ನಮ್ಮಕ್ಕ ನನ್ನ ಈಗಿನ ವಯಸ್ಸಿಗಿಂತ ಸಣ್ಣಾಕಿ ಇದ್ದಾಗ ಹೋದ್ಲ್ರೀ.”

ಆಪರೇಶನ್ ಆಯಿತು. ಕೀಮೋ ಶುರುವಾಯಿತು. ಅವ್ವನ ಕೂದಲು ದಿಂಬಿನ ಮೇಲೆ ಉಳಿಯಿತು, ಅವಳು ಎದ್ದು ಕೂತಳು. ನಡುವೆ ಜೀನ್ ಟೆಸ್ಟಿನ ರಿಪೋರ್ಟ್ ಬಂತು. ಬಿಆರ್‌ಸಿಎ. ಈ ಕ್ಯಾನ್ಸರ್ ತರಿಸಬಲ್ಲ ಜೀನ್ ದೋಷ. ಅವ್ವನಿಗೆ ಅವಳ ತಾಯಿಯಿಂದ ಬಂದಿರಬೇಕು, ಮಕ್ಕಳಲ್ಲಿ ಒಬ್ಬೊಬ್ಬರಿಗೂ ಇರಬಹುದು, ಇಲ್ಲದಿರಬಹುದು. ನಾಣ್ಯ ಚಿಮ್ಮಿದ ಹಾಗೆ ಎಂದರು ಡಾಕ್ಟರಮ್ಮ. ಗಂಡಸರಿಗೂ ಬರುತ್ತದೆ, ಅವರಿಂದ ಮಕ್ಕಳಿಗೂ ದಾಟುತ್ತದೆ. “ನಿಮ್ಮ ತಮ್ಮಗೂ ಟೆಸ್ಟ್ ಮಾಡಿಸ್ಕೋ ಅನ್ರಿ. ಅವರಿಗೆ ಇಲ್ಲಂದ್ರ ಅವರ ಮಕ್ಕಳಿಗೆ ಈ ಕಡಿಂದ ಚಿಂತಿಲ್ಲ.”

ಅವ್ವನ ಆ ತಮ್ಮನೆಂದರೆ ಬಾಗಲವಾಡದ ಬಸಪ್ಪ ಮಾವ. ಅವನ ಮಗನಿಗೆ ಶರಣಮ್ಮಕ್ಕನನ್ನು ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ತವರಿನಿಂದ ಬಂದವಳ ಮಗಳು ತವರಿಗೇ ಹೋಗಬೇಕು, ಹೊರಗಿನ ರಕ್ತ ಸೇರಬಾರದು. ನಮ್ಮಲ್ಲಿ ಇದು ಹೆಮ್ಮೆಯ ಸಂಗತಿ.

ಮಾವ ಮೋಸಂಬಿ ಹಿಡಿದು ವಾರ್ಡಿಗೆ ಬಂದ. ಅವ್ವನ ಬೋಳು ತಲೆಯನ್ನು ನೋಡದೆ ಗೋಡೆಯ ಜೊತೆ ಮಾತಾಡಿದ.

“ಟೆಸ್ಟ್ ಗಿಸ್ಟ್ ಅಂತ ಹುಡುಗಿ ರಕ್ತ ತೆಗಸಬ್ಯಾಡ್ರಿ. ತೆಗಸಿದ್ರ ಮದುವಿ ಮಾತು ಅಲ್ಲಿಗಿ ಮುಗೀತು. ತೆಗಸಲಿಲ್ಲಂದ್ರ ಏನೂ ಇಲ್ಲ. ಬರೋ ತಿಂಗಳ ಅಕ್ಕಿಕಾಳು ಬಿದ್ದು ಮದುವಿ ಆಗ್ತದ.”

“ಮಾವ, ಇದು ನಿಮ್ಮವ್ವನ ಕಡಿಂದ ಬಂದದ. ಮೊದಲ ನೀವ ತೆಗಸ್ರಿ,” ಅಂದೆ ನಾನು.

“ನಾನೇನು ಹೆಂಗಸೇನಲೇ?”

“ಅಲ್ರೀ. ಹೆಂಗಸಿನ ಹೊಟ್ಟ್ಯಾಗ ಹುಟ್ಟೀರಿ, ಅದಕ್ಕ ಅಂದೆ.”

ಕೈ ಎತ್ತಿದ. ಆಸ್ಪತ್ರೆಯೆಂದು ನೆನಪಾಗಿ ಇಳಿಸಿದ. “ನಿಮ್ಮ ಮನಿ ರಕ್ತನ ಕೆಟ್ಟದ,” ಅಂದು ಹೊರಟ.

ನಮ್ಮ ಮನೆಯ ರಕ್ತ! ಮದುವೆಯಲ್ಲಿ ಹಿತ್ತಾಳೆ ಕೊಡ, ಮಂಚ, ಗಾದಿಯ ಜೊತೆ ಇದನ್ನೂ ಬಳುವಳಿಯಾಗಿ ಹೊರಿಸಿ ಕಳಿಸಿದ್ದು ಅವನ ಮನೆ.

ಅದಕ್ಕಿಂತ ಹೆಚ್ಚು ನನ್ನನ್ನು ಸುಟ್ಟಿದ್ದು ಅವ್ವನ ಮಾತು. ಒಂದು ಮೊಲೆ ಕಳೆದುಕೊಂಡು ಮಲಗಿದವಳು ಮಗಳಿಗೆ ಹೇಳಿದಳು: “ಬ್ಯಾಡ ನನ್ನವ್ವಾ. ಮೊದಲ ಮದುವಿ ಆಗ್ಲಿ. ಆಮ್ಯಾಲ ನೋಡಿದ್ರಾತು.”

ಅಕ್ಕನ ಮದುವೆಗೆ ಸೀರೆ ತೆಗೆದಿಟ್ಟಾಗಿತ್ತು. ಮಾವನ ಮಗ ಅವಳಿಗೆ ಇಷ್ಟವೂ ಆಗಿದ್ದ. ಅವನ ಫೋನ್ ಬಂದರೆ ಮಾಳಿಗೆ ಹತ್ತುತ್ತಿದ್ದಳು. ಈ ಸಲವೂ ಹತ್ತಿದಳು. ಬೇಗ ಇಳಿದು ಬಂದಳು. “ಅಪ್ಪ ಹೇಳ್ದಂಗ ಕೇಳು ಅಂದ,” ಅಂದಳು, ಅಷ್ಟೇ.

ಮುಂದಿನ ಕೀಮೋಗೆ ಹೋದಾಗ ಅವಳು ವಾರ್ಡಿನಲ್ಲೇ ಡಾಕ್ಟರಮ್ಮನನ್ನು ತಡೆದು ಕೇಳಿದಳು. “ಅದ ಅಂತ ಗೊತ್ತಾದ್ರ ಏನ್ ಮಾಡಾಕ ಬರ್ತದ್ರೀ?”

“ತಪ್ಪದೆ ಸ್ಕ್ಯಾನ್ ಮಾಡಿಸ್ತಾ ಇರಬೇಕು. ಬಂದ್ರೂ ಸಣ್ಣದಿದ್ದಾಗ ಸಿಗ್ತದ. ಮುಂದ ಆಪರೇಶನ್ ಬೇಕೋ ಬ್ಯಾಡೋ ನೀನ ಯೋಚ್ನಿ ಮಾಡಬಹುದು.”

“ಗೊತ್ತಾಗ್ಲಿಲ್ಲಂದ್ರ?”

ಡಾಕ್ಟರಮ್ಮ ಅವ್ವನ ಮಂಚದ ಕಡೆ ನೋಡಿದರು.

ಅಕ್ಕ ಅವತ್ತೇ ಬಳೆ ಮೇಲೆ ಸರಿಸಿ ಕೈ ಚಾಚಿದಳು. ಪಕ್ಕದ ಕುರ್ಚಿಯಲ್ಲಿ ನಾನೂ ಕೂತೆ. ಸೂಜಿ ನೋಡಿದ್ದೇ ಕಣ್ಣಿಗೆ ಕತ್ತಲೆ ಬಂದು, ಹೆಣ್ಣುಮಕ್ಕಳ ವಾರ್ಡಿನಲ್ಲಿ ನನಗೆ ಗ್ಲೂಕೋಸ್ ನೀರು ಕುಡಿಸಿದರು. ಈ ಐಟಂ ಮಾತ್ರ ನಾನು ಎಲ್ಲೂ ಮಾಡುವುದಿಲ್ಲ.

ವಾರಗಳಾದ ಮೇಲೆ ರಿಪೋರ್ಟ್ ಬಂತು.

ನನಗಿಲ್ಲ. ಅಕ್ಕನಿಗೆ ಇದೆ.

“ಲೇ, ಊರ್ನೆಲ್ಲಾ ನಕಲ್ ಮಾಡ್ತಿ,” ಅಂದಳು ಅಕ್ಕ, “ಅವ್ವಂದು ಇದೊಂದು ಬರಲಿಲ್ಲ ನೋಡು ನಿನಗ.” ನಕ್ಕೆ. ನಗುವಾಗ ಎದೆಯೊಳಗೆ ಹಗುರಾಗಿದ್ದು ನಿಜ. ಆ ಹಗುರಕ್ಕೆ ಇವತ್ತಿಗೂ ಅಸಹ್ಯಪಡುತ್ತೇನೆ.

ಮದುವೆ ಮುರಿಯಿತು. ಆ ಹುಡುಗನಿಗೆ ಮಾನ್ವಿಯಲ್ಲಿ ಬೇರೆ ಹೆಣ್ಣು ಗೊತ್ತಾಯಿತು, ಅವನ ಫೋನ್ ನಿಂತಿತು. ಓಣಿಯ ಹೆಂಗಸರು ‘ಪಾಪ’ ಅನ್ನಲು ಬರುತ್ತಾರೆ. ಅವರ ಕಣ್ಣು ಮೊದಲು ಬೀಳುವುದು ಅಕ್ಕನ ಮುಖದ ಮೇಲಲ್ಲ, ಸೆರಗಿನ ಮೇಲೆ. ಅವರು ಹೋದ ಮೇಲೆ ಒಬ್ಬೊಬ್ಬರ ‘ಪಾಪ’ವನ್ನೂ ಮಾಡಿ ತೋರಿಸುತ್ತೇನೆ. ಅವ್ವ ಎದೆಯ ಮೇಲೆ ಹೊಲಿಗೆ ಹಾಕಿದ ಜಾಗ ಹಿಡಿದುಕೊಂಡು ನಗುತ್ತಾಳೆ. ಅವಳ ತಲೆಯ ಮೇಲೆ ಕೋಳಿಮರಿಯ ಪುಕ್ಕದಂಥ ಕೂದಲು ಬಂದಿದೆ. ರೊಟ್ಟಿ ರುಚಿ ಹತ್ತುತ್ತಿದೆ. ಸದ್ಯಕ್ಕೆ ಇಷ್ಟಿದೆ, ಇಷ್ಟನ್ನು ಇಲ್ಲವೆನ್ನಲಾರೆ.

ಮೊನ್ನೆ ಅಕ್ಕನ ಮೊದಲ ಎಂಆರ್‌ಐ ಆಯಿತು. ಏನೂ ಇಲ್ಲ. ಈ ಸಲಕ್ಕೆ.

ಹೊರಗೆ ಬಂದರೆ ರಕ್ತ ತೆಗೆಯುವ ಕೋಣೆಯ ಬಾಗಿಲಲ್ಲಿ ಬಸಪ್ಪ ಮಾವ. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ. ಅವನ ಮಗಳು ಮಾದೇವಿ, ಕಾಲೇಜು ಓದುವ ಹುಡುಗಿ, ಕಳ್ಳನನ್ನು ಹಿಡಿದ ಪೊಲೀಸಿನಂತೆ ಅಪ್ಪನ ತೋಳು ಹಿಡಿದಿದ್ದಳು.

“ಅಕ್ಕಾ, ಅಪ್ಪ ಟೆಸ್ಟ್ ಮಾಡಿಸ್ಕೊಳ್ಳೋತನ ನಾ ಉಣ್ಣಂಗಿಲ್ಲ ಅಂತ ಕುಂತೆ, ಆಗ ಬಂದಾನ. ಈಗ ಒಳಗ ಹೋಗಾಕ ಅಂಜಾಕತ್ತಾನ.”

ನನ್ನ ನಾಲಿಗೆಯ ಮೇಲೆ ಮಾತುಗಳು ಸಾಲುಗಟ್ಟಿ ನಿಂತವು. ಅಕ್ಕ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ ಮಾವನನ್ನು ಒಳಗೆ ಕರೆದುಕೊಂಡು ಹೋದಳು. ಕುರ್ಚಿಯಲ್ಲಿ ಕೂರಿಸಿ, ಅಂಗಿಯ ತೋಳನ್ನು ತಾನೇ ಮೇಲಕ್ಕೆ ಮಡಚಿದಳು.

“ಮುಷ್ಟಿ ಬಿಗಿ ಹಿಡೀರಿ ಮಾವ. ಸೂಜಿ ನೋಡಬ್ಯಾಡ್ರಿ. ನನ್ನ ಕಡಿ ನೋಡ್ರಿ.”

ಸೂಜಿ ಒಳಗಿಳಿಯಿತು. ಮಾವ ಫ್ಯಾನ್ ನೋಡಿದ, ಗೋಡೆ ನೋಡಿದ, ಸೂಜಿಯನ್ನೇ ನೋಡಿದ. ಅವಳ ಕಡೆ ಮಾತ್ರ ನೋಡಲಿಲ್ಲ.