ಲಕ್ಷ್ಮಿ ಉಟ್ಟ ಹಸಿರು ಸೀರೆ

ಬಡಗಿಯ ಅಂಟು ಕಾಯುವ ವಾಸನೆ ಎಲ್ಲಿಯಾದರೂ ಬಂದರೆ ಜೊತೆಯಲ್ಲಿದ್ದವರು ಮೂಗು ಮುಚ್ಚಿಕೊಂಡು ಮುಂದೆ ನಡೆಯುತ್ತಾರೆ. ನಾನು ಮಾತ್ರ ನಿಂತುಬಿಡುತ್ತೇನೆ. ಮೂವತ್ತರ ದಶಕದ ಒಂದು ಆಷಾಢದಲ್ಲಿ, ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಂಗಳದಲ್ಲಿ ಹುಸೇನಸಾಬರು ಅದನ್ನು ಕೆಂಡದ ಮೇಲೆ ಕಾಯಿಸುತ್ತಿದ್ದರು. ಪಟಗಳಿಗೆ ಕಟ್ಟು ಹಾಕುವುದು ಅವರ ಕಸುಬು. ಆ ಅಂಟನ್ನು ಯಾವುದರಿಂದ ಮಾಡುತ್ತಾರೆಂದು ಮಡಿಯ ಅಜ್ಜಿ ಕೇಳಲಿಲ್ಲ, ಅವರೂ ಹೇಳಲು ಹೋಗಲಿಲ್ಲ. ದನದ ತೊಗಲು, ಎಲುಬು ಕುದಿಸಿ ಮಾಡಿದ್ದೆಂದು ತಿಳಿದಿದ್ದರೆ ನಮ್ಮ ದೇವರ ಪಟಕ್ಕೆ ಕಟ್ಟು ಬೀಳುತ್ತಿರಲಿಲ್ಲ.

ಪಟ ಲಕ್ಷ್ಮಿಯದು, ಪೇಟೆಯಲ್ಲಿ ಸಿಗುವ ಅಚ್ಚಿನ ಕಾಗದದ್ದು. ಆಗಿನ ಹೆಣ್ಣುಮಕ್ಕಳು ಇಂಥ ಪಟ ತಂದು, ದೇವಿಯ ಮೈಮೇಲೆ ನಿಜವಾದ ಬಟ್ಟೆ ಅಂಟಿಸಿ, ಜರಿ, ಮಿನುಗುವ ಟಿಕಲಿ ಹಚ್ಚಿ ಸೀರೆ ಉಡಿಸುತ್ತಿದ್ದರು. ನಿಮ್ಮ ಮನೆಯಲ್ಲೂ ಒಂದಿದ್ದಿರಬಹುದು. ನಮ್ಮಲ್ಲಿ ಆ ಕೆಲಸ ಮಾಡಿದವಳು ಅಪ್ಪನ ತಂಗಿ, ಗೋದಾ ಅತ್ಯಾ. ಹದಿನೈದಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ವಿಧವೆಯ ಕೆಂಪು ಸೀರೆ ಬಿಟ್ಟು ಬೇರೆ ಉಡುವಂತಿರಲಿಲ್ಲ. ಅವಳ ಮದುವೆಯ ಹಸಿರು ಇಳಕಲ್ ಸೀರೆ ಟ್ರಂಕಿನಲ್ಲಿತ್ತು. ಅದನ್ನು ಉಡುವವರಿಲ್ಲ, ಕೊಟ್ಟರೆ ತೆಗೆದುಕೊಳ್ಳುವವರೂ ಇಲ್ಲ. "ಲಕ್ಷ್ಮಿಗೆ ಉಡಸ್ತೀನಿ, ಅವ್ವಾ" ಎಂದಳು ಅತ್ಯಾ. ದೇವರ ಕೆಲಸವೆಂದು ಅಜ್ಜಿ ಒಪ್ಪಿದಳು. ಯಾರ ಮುಂದೆಯೂ ಬಾಯಿ ಬಿಡಬಾರದೆಂದು ದೊಡ್ಡವರಿಗೆಲ್ಲ ತಾಕೀತು ಮಾಡಿದಳು. ಆರು ವರ್ಷದ ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅತ್ಯಾ ತನ್ನ ಕೈಯಿಂದಲೇ ಸೀರೆ ಕತ್ತರಿಸಿದಳು. ಒಂದು ತಿಂಗಳ ಮಧ್ಯಾಹ್ನಗಳೆಲ್ಲ ಸಣ್ಣ ಸಣ್ಣ ನಿರಿಗೆ ಹಿಡಿಯುವುದರಲ್ಲೇ ಕಳೆದವು. ಹುಸೇನಸಾಬರು ಅದನ್ನು ನೋಡಿ, "ಅವ್ವಾರ, ಗಾಜು ಸೀರಿ ಅರಿವಿಗೆ ತಾಗಬಾರ್ದ್ರಿ. ತಾಗಿದ್ರ ಮಳಿಗಾಲದಾಗ ಬೆವರತೈತಿ" ಎಂದು ಹೇಳಿ, ಪೆಟ್ಟಿಗೆಯಂಥ ಆಳದ ಕಟ್ಟು ಮಾಡಿಕೊಟ್ಟರು.

ಶ್ರಾವಣದ ಮೊದಲ ಶುಕ್ರವಾರ ಪಟ ಪಡಸಾಲೆಯ ಗೋಡೆ ಏರಿತು. ಅರಿಶಿನ-ಕುಂಕುಮಕ್ಕೆ ಬಂದ ಮುತ್ತೈದೆಯರು ಅದರ ಮುಂದಿನಿಂದ ಕದಲಲೊಲ್ಲರು. ಅತ್ಯಾ ಅವರ ನಡುವೆ ಬರುವಂತಿರಲಿಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಹೊಗಳಿಕೆ ಕೇಳುತ್ತಿದ್ದಳು, ತನ್ನಷ್ಟಕ್ಕೆ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮೂರು ಶುಕ್ರವಾರ ಹೀಗೇ ನಡೆಯಿತು. ನಾಲ್ಕನೆಯ ಶುಕ್ರವಾರ ಎದುರುಮನೆಯ ವೆಂಕೂಬಾಯಿ ಗಾಜಿಗೆ ಕುಂಕುಮ ಹಚ್ಚಲು ಕೈ ಎತ್ತಿ, "ಇಂಥಾ ಹಸರು ಎಲ್ಲೆ ಸಿಕ್ತರಿ?" ಎಂದು ಕೇಳಿದರು. ಅಷ್ಟು ದಿನವಾದರೂ ಅತ್ಯಾನ ಹೆಸರನ್ನು ಯಾರೂ ಎತ್ತಲಿಲ್ಲವೆಂದು ನನಗೆ ಒಳಗೊಳಗೇ ಸಿಟ್ಟಿತ್ತು.

"ನಮ್ಮ ಗೋದಾ ಅತ್ಯಾನ ಮದವಿ ಸೀರಿ ಅದರಿ!" ಎಂದು ಕೂಗಿದೆ.

ಎತ್ತಿದ ಕೈ ಹಾಗೇ ಇಳಿಯಿತು. ಚಿಟಿಕೆಯಲ್ಲಿದ್ದ ಕುಂಕುಮವನ್ನು ವೆಂಕೂಬಾಯಿ ಭರಣಿಗೆ ಮರಳಿ ಉದುರಿಸಿದರು. ಎಲ್ಲರಿಗೂ ಒಮ್ಮೆಲೇ ಮನೆಯ ಕೆಲಸ ನೆನಪಾಯಿತು. ಅಂದೇ ಸಂಜೆ ಅಜ್ಜಿ ಪಟ ಇಳಿಸಿ, ಅತ್ಯಾ ಮಲಗುತ್ತಿದ್ದ ಕಾಳುಕಡಿಯ ಕತ್ತಲೆ ಕೋಣೆಗೆ ಕಳಿಸಿದಳು. ಅತ್ಯಾ ನನ್ನನ್ನು ಬೈಯಲಿಲ್ಲ. "ಅಳಬ್ಯಾಡ, ಖರೇನ ಹೇಳಿದಿ" ಎಂದು ತಲೆ ಸವರಿದಳು. ಒಂದೇಟು ಹಾಕಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಅಜ್ಜಿ ತೀರಿಕೊಂಡ ಮೇಲೆ ಅಮ್ಮ ಪಟವನ್ನು ಮತ್ತೆ ಪಡಸಾಲೆಗೆ ತರಲು ಹೋದಳು. ಅತ್ಯಾ ಅಡ್ಡ ನಿಂತಳು. "ಬ್ಯಾಡ್ರಿ ವೈನಿ. ಮತ್ತೊಮ್ಮೆ ಇಳಸೂದು ನಾ ನೋಡಲಾರೆ."

ಆ ಮನೆ ಈಗಿಲ್ಲ, ಅತ್ಯಾನೂ ಇಲ್ಲ. ಪಡಸಾಲೆಯ ಬೆಳಕಿನಲ್ಲಿದ್ದ ಪಟಗಳೆಲ್ಲ ಬಿಳಿಚಿಕೊಂಡು ಹೋದವು. ಲಕ್ಷ್ಮಿ ನನ್ನ ಬಳಿ ಇದ್ದಾಳೆ. ಸೀರೆಯ ಹಸಿರು ನಿನ್ನೆ ನೇಯ್ದಂತಿದೆ. ಬಣ್ಣ ಹೇಗೆ ಉಳಿಯಿತೆಂದು ಬಂದವರು ಕೇಳುತ್ತಾರೆ. ಬಿಸಿಲು ಬೀಳದ ಕೋಣೆಯಲ್ಲಿತ್ತು ಎನ್ನುತ್ತೇನೆ. ಅಲ್ಲಿಗೆ ಕಳಿಸಿದವಳು ನಾನೇ ಎಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.