ಗದಗಿನ ಆಸ್ಪತ್ರೆಗೆ ಬಂದ ಬೇರಿನ ಆಯಿ

ಮೊನ್ನೆ ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟರೆ ನೆನೆದ ಮೆಂತ್ಯದ ಕಹಿ ವಾಸನೆ. ಮಗಳು ಮೊಬೈಲಿನಲ್ಲಿ ಏನೋ ನೋಡಿ ತನ್ನ ಪಿಸಿಓಡಿಗೆಂದು ನೆನೆಹಾಕಿದ್ದಳು. ಮುಟ್ಟಿನ ಆ ತೊಂದರೆಯನ್ನು ಗೆಳತಿಗೆ ಫೋನಿನಲ್ಲಿ, ನೆಗಡಿಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳುತ್ತಲೂ ಇದ್ದಳು. ನನಗೆ ಮುಂಡರಗಿಯ ನಮ್ಮ ಓಣಿಯ ಬೇರಿನ ಆಯಿ ನೆನಪಾದಳು…

ಕಪ್ಪತಗುಡ್ಡದಿಂದ ಬೇರು, ತೊಗಟೆ ತಂದು ಔಷಧ ಕೊಡುತ್ತಿದ್ದ ಮುದುಕಿ. ಅದೇ ಆಕೆಯ ಹೊಟ್ಟೆಪಾಡು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರಿಗೂ ಆಕೆ ಆಯಿ, ಅಂದರೆ ಅಜ್ಜಿ.

ನನಗಾಗ ಹದಿನೆಂಟು. ಐದು ತಿಂಗಳಿಂದ ಮುಟ್ಟು ನಿಂತಿತ್ತು, ಗದ್ದದ ಮೇಲೆ ಕೂದಲು ಮೂಡಿತ್ತು. ಮದುವೆಯಾಗದ ಹುಡುಗಿಯ ಇಂಥ ತೊಂದರೆ ಹೊರಗೆ ಗೊತ್ತಾದರೆ ವರಗಳು ಬರುವುದಿಲ್ಲ ಎಂದು ಅವ್ವನಿಗೆ ಭಯ. ಹಾಗಾಗಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ, ಮುಟ್ಟು ನಿಂತದ್ದು ತನಗೆ ಎಂದು ಆಯಿಯ ಮುಂದೆ ಸುಳ್ಳು ಹೇಳಿದಳು.

"ನಿಲ್ಲೂ ವಯಸ್ಸಿಗೆ ನಿಂತೈತಿ. ಔಷಧಾ ಯಾಕವ್ವಾ, ಆರಾಮ ಇರು," ಅಂದಳು ಆಯಿ.

ಅವ್ವನ ಮುಖ ನೋಡುವಂತಿತ್ತು. ನಾನೇ ಬಾಯಿಬಿಟ್ಟೆ. "ಅವ್ವಗಲ್ರಿ ಆಯಿ, ನನಗ."

ಆಯಿ ನಗಲಿಲ್ಲ. ಬೇರಿನ ಗಂಟನ್ನೂ ಬಿಚ್ಚಲಿಲ್ಲ. "ಹೊಟ್ಟಿ ಒಳಗಿಂದು ನನ್ನ ಕಣ್ಣಿಗೆ ಕಾಣೂದಿಲ್ಲ. ಮೊದಲ ಗದಗಿಗೆ ಹೋಗಿ ಡಾಕ್ಟರಿಗೆ ತೋರ್ಸೂಣು. ಯಾರರ ಕೇಳಿದ್ರ, ನನಗ ಅಂತ ಹೇಳ್ತೀನಿ."

ಹೇಳಿದಂತೆಯೇ ಮಾಡಿದಳು. ಹೆಂಗಸರ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮೂರಿನ ಒಬ್ಬಾಕೆ ಸಿಕ್ಕಾಗ, "ನನಗ ಮೈಯಾಗ ಆರಾಮಿಲ್ಲ, ಈ ಹುಡುಗಿ ಜೋಡಿ ಬಂದಾಳ" ಎಂದು ತಣ್ಣಗೆ ಹೇಳಿ ಸೆರಗು ಸರಿಮಾಡಿಕೊಂಡಳು. ಒಳಗೆ ಡಾಕ್ಟರು ಸ್ಕ್ಯಾನ್ ಮಾಡಿ, ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳಿವೆ ಎಂದು ಗುಳಿಗೆ ಬರೆದುಕೊಟ್ಟರು, ದಿನಾ ನಡೆಯಲು ಹೇಳಿದರು. ಆಯಿ ಅವರನ್ನೇ ಕೇಳಿ, ಅವರು ಆಗಲಿ ಎಂದ ಮೇಲೆಯೇ ನನಗೆ ಮೆಂತ್ಯ, ಚಿಟಿಕೆ ದಾಲ್ಚಿನ್ನಿ ಕೊಟ್ಟಳು. "ಇದನ್ನ ತಿಂತೀನಂತ ಗುಳಿಗಿ ಬಿಟ್ಟಿ ಅಂದ್ರ ನೋಡು" ಎಂದು ಗದರಿದ್ದೂ ಉಂಟು. ಮೂರು ತಿಂಗಳಿಗೆ ಮುಟ್ಟು ಬಂತು. ಗುಳಿಗೆಯಿಂದಲೋ, ನಡೆದದ್ದರಿಂದಲೋ, ಮೆಂತ್ಯದಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆದರೆ ಅಷ್ಟರಲ್ಲಿ ಊರಲ್ಲಿ ಮಾತು ಹಬ್ಬಿತ್ತು. ಬೇರು ಕೊಡುವಾಕೆಯೇ ಆಸ್ಪತ್ರೆಗೆ ಹೋಗುತ್ತಾಳಂತೆ, ಇನ್ನು ಅವಳ ಬೇರಿನಲ್ಲಿ ಏನಿದೆ? ಬೆಳಿಗ್ಗೆಯೇ ಬಂದು ಆಕೆಯ ಕಟ್ಟೆಯ ಮೇಲೆ ಕೂರುತ್ತಿದ್ದ ಹೆಂಗಸರು ಕಡಿಮೆಯಾದರು, ಆಮೇಲೆ ಬರುವುದನ್ನೇ ಬಿಟ್ಟರು. ಕೊನೆಗೆ ಆಯಿ ಬೇರೆಯವರ ಮನೆಗೆ ರೊಟ್ಟಿ ಬಡಿಯಲು ಹೋದಳು. ನಮಗೆ ಎಲ್ಲ ಗೊತ್ತಿತ್ತು. ನನಗೆ ವರ ನೋಡುತ್ತಿದ್ದರು, ಅವ್ವ ಬಾಯಿಬಿಡಬೇಡ ಎಂದಳು, ನಾನೂ ಬಿಡಲಿಲ್ಲ. ದಾರಿಯಲ್ಲಿ ಸಿಕ್ಕರೆ ಆಯಿ, "ತಿಂಗಳಾ ತಿಂಗಳಾ ಬರಾಕತ್ತೈತೇನು?" ಎಂದಷ್ಟೇ ಕೇಳುತ್ತಿದ್ದಳು.

ಆಯಿ ತೀರಿಕೊಂಡು ಎಷ್ಟೋ ವರ್ಷವಾಯಿತು. ತವರಿಗೆ ಹೋದರೆ ಈಗಲೂ ಆಕೆಯ ಬಾಗಿಲ ಮುಂದೆಯೇ ಹಾಯ್ದು ಹೋಗಬೇಕು… ನಾಚಿಕೆಯಾಗುತ್ತದೆ. ಎರಡು ಮಾತು ಹೇಳಲು ನನಗೆ ಇಷ್ಟು ಕಾಲ ಬೇಕಾಯಿತು. ಅಂದು ಗದಗಿನ ಆಸ್ಪತ್ರೆಯಲ್ಲಿ ರೋಗಿ ನಾನು. ಆಯಿಗೆ ಏನೂ ಆಗಿರಲಿಲ್ಲ.