ಮೆಲ್ಪೊ ಕೊಯ್ದ ಮಂಜುಗಡ್ಡೆ ಸದ್ದು ಮಾಡುವುದಿಲ್ಲ

ಬೆಳಗಿನ ಐದೂವರೆ. ಗ್ರೀಸಿನ ಥೆಸಲೋನಿಕಿಯ ಮೀನುಪೇಟೆಯ ಹಿಂದಿನ ಓಣಿಯಲ್ಲಿ ಸ್ಟ್ರಾಟೋಸನ ಜಾಝ್ ಬಾರಿನ ಹಿತ್ತಲ ಬಾಗಿಲೊಂದು ತೆರೆದಿದೆ. ಒಳಗೆ ಕಲ್ಲುನೆಲದ ಮೇಲೆ ನೂರು ಕಿಲೋದ ಮಂಜುಗಡ್ಡೆ ಒದ್ದೆ ಕಂಬಳಿ ಹೊದ್ದು ಕೂತಿದೆ. ಅದರ ಪಕ್ಕ ಮೋಟು ಸ್ಟೂಲಿನ ಮೇಲೆ ಕೂತಿರುವ ಮೆಲ್ಪೊ ಗಡ್ಡೆಯನ್ನು ನೋಡುತ್ತಿಲ್ಲ, ತಮ್ಮ ಎಡಗೈಯನ್ನು ನೋಡಿಕೊಳ್ಳುತ್ತಿದ್ದಾರೆ.

ಏಪ್ರಿಲ್‌ನಲ್ಲಿ ಗರಗಸ ಜಾರಿ ಆ ಕೈಯನ್ನು ಕಚ್ಚಿತು. ಹನ್ನೊಂದು ಹೊಲಿಗೆ. ಎರಡು ಬೆರಳು ಇನ್ನೂ ಸರಿಯಾಗಿ ಮಡಚುವುದಿಲ್ಲ. ಅರವತ್ತೊಂದರ ಮೆಲ್ಪೊ ಹತ್ತು ವಾರದ ಮೇಲೆ ಇವತ್ತು ಮತ್ತೆ ಗರಗಸ ಹಿಡಿಯುತ್ತಿದ್ದಾರೆ. ಮಾಲೀಕ ಸ್ಟ್ರಾಟೋಸ್ ನಿನ್ನೆಯೇ ಮಾತು ಮುಗಿಸಿದ್ದಾನೆ: "ಚಿಕ್ಕಮ್ಮಾ, ನಿನ್ ಮೇಲೆ ನಂಗೇನ್ ಸಿಟ್ಟಾ? ಇನ್ನೊಂದ್ ಸಲ ಕೈ ಕುಯ್ಕೊಂಡ್ರೆ ನಾನ್ ಯಾರಿಗ್ ಉತ್ತರ ಹೇಳ್ಲಿ? ನಾಳೆ ಒಂದೇ ಒಂದು ತುಂಡು ಟಪ್ ಅಂದ್ರೂ ಮಾರನೇ ದಿನ ಐಸ್ ಯಂತ್ರ ತರಿಸ್ತೀನಿ."

ಆ 'ಟಪ್' ಏನೆಂದು ತಿಳಿಯದಿದ್ದರೆ ಮೆಲ್ಪೊ ಅವರ ಕೆಲಸ ತಿಳಿಯುವುದಿಲ್ಲ. ಒಳಗಿರುವುದು ಬರೀ ಹದಿನಾಲ್ಕು ಮೇಜು, ಒಂದೊಂದಕ್ಕೆ ಎರಡೇ ಕುರ್ಚಿ. ಬರುವವರೆಲ್ಲ ಜೋಡಿಗಳು. ಲೆಫ್ಕಿ ಎಂಬಾಕೆ ಮೈಕಿಲ್ಲದೆ ಪಿಯಾನೊ ನುಡಿಸುತ್ತಾಳೆ. ಅವಳು ಸ್ವರವನ್ನು ಮೆಲ್ಲಗೆ ಇಳಿಸಿದಾಗ ನಮ್ಮ ಉಸಿರು ನಮಗೇ ಕೇಳುತ್ತದೆ. ಹದ ತಪ್ಪಿದ ಮಂಜುಗಡ್ಡೆಯ ಮೇಲೆ ಮದ್ಯ ಬಿದ್ದರೆ ಅದು ಟಪ್ ಎಂದು ಸಿಡಿಯುತ್ತದೆ.

"ಹುಡುಗ ಎದೆ ಗಟ್ಟಿ ಮಾಡ್ಕೊಂಡು ಏನೋ ಹೇಳೋಕೆ ಬಾಯಿ ತೆಗೀತಾನೆ. ಆಗ್ಲೇ ಲೋಟದಲ್ಲಿ ಟಪ್! ಇಬ್ರೂ ನಕ್ಕುಬಿಡ್ತಾರೆ. ಮಾತು ಅಲ್ಲಿಗೇ ಹೋಯ್ತು," ಎನ್ನುತ್ತಾರೆ ಮೆಲ್ಪೊ.

ಅವರ ಅಪ್ಪ ಇದೇ ಪೇಟೆಯ ಮೀನಂಗಡಿಗಳಿಗೆ ಮಂಜುಗಡ್ಡೆ ಹೊರುತ್ತಿದ್ದರು. ಮಗಳು ಹನ್ನೆರಡರಲ್ಲೇ ಹೆಗಲು ಕೊಟ್ಟಳು, ಆಮೇಲೆ ಮೂವತ್ತು ವರ್ಷ ಐಸ್ ಕಾರ್ಖಾನೆಯಲ್ಲಿ ದುಡಿದಳು. ಅದು ಮುಚ್ಚಿದಾಗ ಕರೆದವನು ಸ್ಟ್ರಾಟೋಸ್. ಈಗ ಹಿತ್ತಲಲ್ಲಿ ಮೂರು ತೊಟ್ಟಿಗಳಿವೆ. ನೀರು ತಳದಿಂದ ಮೇಲಕ್ಕೆ ಮೂರು ದಿನ ನಿಧಾನವಾಗಿ ಗಟ್ಟಿಯಾಗಬೇಕು, ಆಗಲೇ ಗುಳ್ಳೆಯಿಲ್ಲದ ತಿಳಿ ಗಡ್ಡೆ. ಹಾಗಾಗಿ ದಿನಕ್ಕೆ ಒಂದೇ ಗಡ್ಡೆ, ನೂರೈವತ್ತು ತುಂಡು. ಹೊರತೆಗೆದ ಗಡ್ಡೆ ಕಂಬಳಿಯಡಿ ನಲವತ್ತು ನಿಮಿಷ ಬೆವರಬೇಕು. ಅದಕ್ಕೂ ಮೊದಲು ಗರಗಸ ಮುಟ್ಟುವಂತಿಲ್ಲ.

ಇಪ್ಪತ್ತೈದನೆಯ ನಿಮಿಷಕ್ಕೆ ಸ್ಟ್ರಾಟೋಸ್ ಕಾಫಿ ಹಿಡಿದು ಬರುತ್ತಾನೆ, ಕಂಬಳಿಯ ತುದಿ ಎತ್ತಿ ನೋಡುತ್ತಾನೆ. "ಅಬ್ಬಬ್ಬಾ! ಆಚೆ ಗೋಡೆ ಕಾಣ್ತಿದೆಯಲ್ಲೇ ಚಿಕ್ಕಮ್ಮಾ!"

"ಉಗುಳೋ! ಮೊದ್ಲು ಉಗುಳು!" ಮೆಲ್ಪೊ ಕಿರುಚುತ್ತಾರೆ. ಹೊಗಳಿದವರು ಥೂ ಥೂ ಥೂ ಎನ್ನದಿದ್ದರೆ ದೃಷ್ಟಿ ತಾಗದೆ ಬಿಟ್ಟೀತೇ? ಅವನು ನಗುತ್ತಾನೆ, ಉಗುಳುವುದಿಲ್ಲ. ಎದೆಗೆ ಕೈಕಟ್ಟಿ ನಿಂತು ಅವರ ಬೆರಳನ್ನೇ ನೋಡುತ್ತಾನೆ. ಆ ನೋಟ ತಡೆಯಲಾಗದೆ ಮೆಲ್ಪೊ ಗರಗಸ ಎತ್ತಿಕೊಳ್ಳುತ್ತಾರೆ. ನಲವತ್ತು ಆಗಿಲ್ಲ!

ನಾಲ್ಕನೆಯ ಎಳೆತಕ್ಕೆ ಚಟ್ಟೆಂದು ಬಿರುಕು ಮೂಲೆಯಿಂದ ಮೂಲೆಗೆ ಓಡುತ್ತದೆ. ಉಳಿದ ಎರಡು ತೊಟ್ಟಿಗಳ ನೀರು ಇನ್ನೂ ಗಟ್ಟಿಯಾಗಿಲ್ಲ. ಸ್ಟ್ರಾಟೋಸ್ ಕಾಫಿ ಲೋಟವನ್ನು ಅಲ್ಲೇ ಇಟ್ಟು ಒಳಗೆ ಹೋಗುತ್ತಾನೆ.

"ಅವ್ನು ಉಗುಳ್ದೇ ಇದ್ದಿದ್ಕೇ ಗಡ್ಡೆ ಸೀಳ್ತು ಅಂತ ಮನಸ್ಸಲ್ಲೇ ಬೈದೆ," ಎಂದು ಮೆಲ್ಪೊ ಹೇಳುತ್ತಾರೆ. "ಸುಳ್ಳು. ಕೈ ನಡೆಯುತ್ತೆ ಅಂತ ತೋರ್ಸೋ ಆತುರ ನಂದು. ಐವತ್ತು ವರ್ಷದಲ್ಲಿ ಇಂಥ ತಪ್ಪು ಮಾಡಿರ್ಲಿಲ್ಲ ಕಣ್ರೀ." ಅವರ ಕಣ್ಣು ತುಂಬಿದೆ.

ಆದರೆ ಎದ್ದು ಹೋಗುವ ಜೀವ ಅದಲ್ಲ. ಬಿರುಕು ಮುಟ್ಟದ ಮೂಲೆಯನ್ನು ಬೇರೆ ಮಾಡಿ, ಕಂಬಳಿ ಹೊದಿಸಿ, ಈ ಸಲ ನಿಮಿಷ ನಿಮಿಷ ಎಣಿಸುತ್ತಾರೆ. ಮಡಚದ ಬೆರಳುಗಳ ಬದಲು ಅಂಗೈಯನ್ನೇ ಒತ್ತಿ ಹಿಡಿದು ಕೊಯ್ಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆಂಟು ತುಂಡು. ಮೊದಲ ಸುತ್ತಿನ ಮದ್ಯಕ್ಕೆ ಬೇಕಾಗುವುದು ಸರಿಯಾಗಿ ಅಷ್ಟೇ, ಆಮೇಲಿನದಕ್ಕೆ ಇವತ್ತೊಂದು ದಿನ ಪುಡಿ ಐಸ್ ನಡೆಯುತ್ತದೆ. ಇಪ್ಪತ್ತೇಳು ತಿಳಿಯಾಗಿವೆ. ಒಂದರೊಳಗೆ ಕೂದಲೆಳೆಯಷ್ಟು ಗೆರೆ. ಸಿಡಿಯಬಹುದು, ಸಿಡಿಯದೆಯೂ ಇರಬಹುದು. ಅದನ್ನು ಬಟ್ಟೆಯಲ್ಲಿ ಸುತ್ತಿ ಫ್ರೀಜರಿನಲ್ಲಿ ಬೇರೆಯೇ ಇಡುತ್ತಾರೆ.

ರಾತ್ರಿ ಒಂಬತ್ತೂವರೆಗೆ ಮೆಲ್ಪೊ ಪರದೆಯ ಹಿಂದೆ ನಿಂತಿದ್ದಾರೆ. ಮೇಜುಗಳೆಲ್ಲ ತುಂಬಿವೆ. ತಟ್ಟೆಯಲ್ಲಿ ಕೊನೆಗೆ ಉಳಿದದ್ದು ಆ ಗೆರೆಯ ತುಂಡು. ಅದು ಮೂರನೆಯ ಮೇಜಿಗೆ ಹೋಗುತ್ತದೆ. ಅಲ್ಲಿ ಇಸ್ತ್ರಿ ಅಂಗಿಯ ಒಬ್ಬ ಹುಡುಗ ಕರವಸ್ತ್ರ ಹಿಂಡುತ್ತಾ ಕೂತಿದ್ದಾನೆ, ಎದುರಿಗೆ ಗುಂಗುರು ಕೂದಲ ಹುಡುಗಿ. ಲೆಫ್ಕಿ ಒಂದು ಬೆರಳಿನಲ್ಲಿ ನುಡಿಸುವಷ್ಟು ಮೆಲ್ಲಗೆ ಸ್ವರ ಇಳಿಸುತ್ತಾಳೆ. ಸ್ಟ್ರಾಟೋಸ್ ಬಾಗಿ ತುಂಡಿನ ಮೇಲೆ ವಿಸ್ಕಿ ಸುರಿಯುತ್ತಾನೆ. ಮೆಲ್ಪೊ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಹುಡುಗ ಬಾಯಿ ತೆಗೆಯುತ್ತಾನೆ. ಏನೋ ಹೇಳುತ್ತಾನೆ. ಹುಡುಗಿ ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಪಿಯಾನೊ ಬಿಟ್ಟರೆ ಬೇರೆ ಸದ್ದಿಲ್ಲ.

ಹಾಡು ಮುಗಿದ ಮೇಲೆ ಸ್ಟ್ರಾಟೋಸ್ ಪರದೆ ಸರಿಸಿ ಬರುತ್ತಾನೆ. ಯಂತ್ರದ ಮಾತು ಎತ್ತುವುದಿಲ್ಲ. ಮೆಲ್ಪೊ ಅವರ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಲಿಗೆಯ ಕಲೆಯ ಮೇಲೆ ಬಾಗಿ, "ಥೂ, ಥೂ, ಥೂ" ಎನ್ನುತ್ತಾನೆ.

"ಸಾಕು ಸಾಕು," ಎನ್ನುತ್ತಾರೆ ಮೆಲ್ಪೊ, ಕೈ ಬಿಡಿಸಿಕೊಳ್ಳದೆ. "ಹೋಗಿ ಆ ಕಂಬಳಿ ನೆನೆಹಾಕು. ಬೆಳಿಗ್ಗೆ ಐದೂವರೆಗೆ ನಂಗೆ ಬೇಕು."